ತೂಗಾಡುತ್ತಿದ್ದ ಪೈಪು

ಸುಗ್ಗಿ ಮುಗಿದು ಹುಲ್ಲು ಸಾಗಿಸುವ ಕಾಲವಾದ್ದರಿಂದ ರಸ್ತೆಯುದ್ದಕ್ಕೂ ಹುಲ್ಲಿನ ಎಸಳು ಚೆಲ್ಲಿತ್ತು. ಬಿಸಿಲು ಇನ್ನೂ ನೆತ್ತಿಗೆ ಬಂದಿರಲಿಲ್ಲ, ಆಗಲೇ ಶೆಡ್ಡಿನ ತಗಡು ಕಾದು ಚಟಚಟ ಅನ್ನುತ್ತಿತ್ತು. ಅವನು ಭಾವನ ಪಿಕಪ್ಪಿನ ಬಾನೆಟ್ಟಿನೊಳಗೆ ಸೊಂಟದವರೆಗೂ ಬಾಗಿ, ಹೊಸ ಕಾರ್ಬುರೇಟರನ್ನು ಕೂರಿಸಿ, ಅದರ ನಟ್ಟುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಯುತ್ತಿದ್ದ. ಒಂದೇ ಕಡೆ ಜೋರಾಗಿ ಬಿಗಿದರೆ ಅಡಿ ಸೊಟ್ಟಗಾಗುತ್ತದೆ, ಸೊಟ್ಟಗಾದರೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಕಾರ್ಬುರೇಟರ್ ಹೊಸದೇ ಹೌದು, ಆದರೆ ಈ ಗಾಡಿಗೆಂದು ಹುಟ್ಟಿದ್ದಲ್ಲ. ಗಾಡಿಯ ಕಂಪನಿಯದು ಈಗ ಸಿಗುವುದಿಲ್ಲವೆಂದು ಭಾವ ಪೇಟೆಯ ಅಂಗಡಿಯಿಂದ ಬೇರೆ ಜಾತಿಯದೊಂದನ್ನು ಕೋಳಿ ಹಿಡಿದು ತಂದ ಹಾಗೆ ಕುತ್ತಿಗೆ ಹಿಡಿದು ತಂದಿದ್ದ. ಹಳೆಯದಕ್ಕಿಂತ ಇದಕ್ಕೆ ಮೂತಿಗಳು ಜಾಸ್ತಿ. ಎಂಜಿನ್ನು ಓಡುವಾಗ ಆ ಮೂತಿಗಳೆಲ್ಲ ಒಳಕ್ಕೆ ಉಸಿರೆಳೆಯುತ್ತವೆ. ಯಾವ ಪೈಪು ಯಾವ ಮೂತಿಗೆ ಎನ್ನುವುದನ್ನು ನೋಡಿ ಸೇರಿಸಬೇಕು, ಯಾವುದಕ್ಕೂ ಬೇಡದ ಮೂತಿಗೆ ರಬ್ಬರು ಟೋಪಿ ತೊಡಿಸಿ ಬಾಯಿ ಮುಚ್ಚಿಸಬೇಕು. ಒಂದು ಬಾಯಿ ತೆರೆದಿದ್ದರೂ ಸಾಕು, ಎಂಜಿನ್ನು ಮೈಮೇಲೆ ಬಿಸಿನೀರು ಬಿದ್ದವರ ಹಾಗೆ ಅರಚತೊಡಗುತ್ತದೆ.

"ಏನ್ ಮೇಸ್ತ್ರಿ, ಇದಕ್ಕೆ ಇಷ್ಟೊಂದು ಮೂಗಾ?" ಎಂದ ಪಕ್ಕದ ಅರ್ಧ ಶೆಡ್ಡಿನ ವೆಲ್ಡರ್, ಕನ್ನಡಕ ಹಣೆಗೇರಿಸಿ. "ನೆಗಡಿ ಬಂದ್ರೆ ನೀನು ಯಾವುದನ್ನ ಅಂತ ಒರೆಸ್ತೀಯ?"

ಅವನಿಗೆ ನಗು ಬಂತು, ಬಂದದ್ದನ್ನು ಬಾನೆಟ್ಟಿನೊಳಗೇ ನುಂಗಿದ. ಭಾವನ ಮುಂದೆ ನಗಬಾರದು ಎನ್ನುವುದು ಅವನ ಮೈಗೆ ಗೊತ್ತಿತ್ತು, ಬೆಂಕಿ ಮುಟ್ಟಬಾರದು ಎನ್ನುವುದು ಗೊತ್ತಿರುವ ಹಾಗೆ. ಭಾವ ಎಡಗಡೆ ನಿಂತಿದ್ದ. ಯಾವಾಗಲೂ ಎಡಗಡೆಯೇ. ಬಲಗಡೆ ಎಷ್ಟು ಜಾಗವಿದ್ದರೂ ಸುತ್ತಿಕೊಂಡು ಬಂದು ಎಡಕ್ಕೇ ನಿಂತು ಮಾತಾಡುತ್ತಾನೆ, ಕೇಳಿಸದೆ ಇವನು ತಿರುಗಬೇಕು, "ಆಂ?" ಅನ್ನಬೇಕು, ಆಮೇಲೆ ಅವನು ಊರಿಗೆಲ್ಲ ಕೇಳುವಂತೆ ಅದೇ ಮಾತನ್ನು ಕೂಗಬೇಕು.

"ಏ ಒಂಟಿಗಿವಿ! ನಿಂಗೇ ಹೇಳ್ತಿರೋದು. ರಿಪೇರಿ ಮಾಡ್ತಿದೀಯೋ ಹೂ ಮುಡಿಸ್ತಿದೀಯೋ? ಗದ್ದೇಲಿ ಹುಲ್ಲು ಕಟ್ಟಿಟ್ಟು ಆಳುಗಳು ಕೂತಿದಾರೆ."

"ಆಯ್ತು ಭಾವ. ಪೈಪು ಸೇರಿಸಿದ್ರೆ ಆಯ್ತು."

"ಬೆಳಗ್ಗಿಂದ ಅದನ್ನೇ ಹೇಳ್ತಿದೀಯ. ನಿನ್ನ ಕಿವಿ ಮಾತ್ರ ಮಂದ ಅಂದ್ಕೊಂಡಿದ್ದೆ."

ವೆಲ್ಡರ್ ಕನ್ನಡಕ ಇಳಿಸಿಕೊಂಡ. ಕಿಡಿ ಚಿಮ್ಮಿತು. ಅಕ್ಕ ಹೊರಗೆ ಮರದ ಕೆಳಗೆ, ಹಳೆಯ ಟೈರಿನ ಮೇಲೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಂಡನ ಜೊತೆ ಇಲ್ಲಿಯವರೆಗೆ ಬಂದು, ಮುಂದೆ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗುವವಳು. ಏನಾಗಿದೆ ಎಂದು ಅವನು ಕೇಳಿದಾಗ "ಏನಿಲ್ಲ, ಕೈ ಉಳುಕಿದೆ, ಬಾಗಿಲಿಗೆ ಸಿಕ್ಕಿತು" ಎಂದಿದ್ದಳು. ಸೆರಗನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದಳು. ಸೆರಗಿನ ಅಂಚಿನಿಂದ ಊದಿದ ಬೆರಳುಗಳು ಹೊರಗೆ ಕಾಣುತ್ತಿದ್ದವು, ಮಾಗಿದ ಹಣ್ಣಿನ ಬಣ್ಣದವು. ಆ ಮನೆಯ ಬಾಗಿಲುಗಳು ಎಂಥವೋ. ಒಂದು ವರ್ಷ ಹುಬ್ಬಿಗೆ ತಗುಲುತ್ತವೆ, ಒಂದು ವರ್ಷ ಪಕ್ಕೆಗೆ. ಆ ಬಾಗಿಲುಗಳನ್ನು ಅವನು ಬಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಅದೇ ಮನೆಯ ಜಗುಲಿಯಲ್ಲಿ ಮಲಗಿ, ಭಾವನ ಗಾಡಿಗಳಿಗೆ ಎಣ್ಣೆ ಬಿಡುತ್ತ ಕೆಲಸ ಕಲಿತವನು. ಆಗೊಂದು ದಿನ ಅಂಗಳದ ಕೆಸರಿನಲ್ಲಿ ಭಾವ ಜಾರಿ, ಆಳುಗಳೆದುರು ಕಾಲು ಮೇಲಾಗಿ ಬಿದ್ದಿದ್ದ. ಆಳುಗಳೆಲ್ಲ ನೆಲ ನೋಡಿದರು, ಇವನೊಬ್ಬ ನಕ್ಕ. ಕೆಸರು ಮೆತ್ತಿದ ಅಂಗೈ ಎಲ್ಲಿಂದ ಬಂತೆಂದು ಕಾಣಲೇ ಇಲ್ಲ. ತಲೆಯೊಳಗೆ ಮಡಕೆ ಒಡೆದ ಹಾಗಾಯಿತು, ಆಮೇಲೆ ಜಗತ್ತಿನ ಎಡಭಾಗಕ್ಕೆ ಯಾರೋ ಹತ್ತಿ ತುರುಕಿದರು. ಅಕ್ಕ ಬಾವಿಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿದ್ದಳು. ಕೊಡ ಅರ್ಧಕ್ಕೆ ಬಂದಿತ್ತು. ಅವಳು ನೋಡಿದಳು, ಹಗ್ಗ ಮಾತ್ರ ಬಿಡಲಿಲ್ಲ. ಉಳಿದರ್ಧವನ್ನೂ ಎಳೆದಳು, ಕೊಡ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದಳು. ಸಂಜೆ ಉಪ್ಪು ಕಾಯಿಸಿ ಬಟ್ಟೆಯಲ್ಲಿ ಕಟ್ಟಿ ಕಿವಿಗೆ ಒತ್ತುತ್ತ, ಅವನ ಬಲಗಿವಿಯಲ್ಲಿ ಹೇಳಿದಳು: "ಯಾರಾದ್ರೂ ಕೇಳಿದ್ರೆ ಜ್ವರ ಬಂದು ಕಿವಿ ಹೋಯ್ತು ಅನ್ನು, ನನ್ನಪ್ಪ." ಅಂದಿನಿಂದ ಅವನು ಹಾಗೆಯೇ ಹೇಳುತ್ತ ಬಂದ. ಭಾವ ಮಾತ್ರ ಸುಳ್ಳು ಹೇಳುವ ತೊಂದರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕುಡಿದಾಗಲೂ ಕುಡಿಯದಿದ್ದಾಗಲೂ ಬಂದವರಿಗೆಲ್ಲ ತೋರಿಸುತ್ತಿದ್ದ: "ನನ್ನ ಒಂದೇಟಿಗೆ ಮನುಷ್ಯನಾದ ನೋಡಿ ಇವನು. ಇಲ್ದಿದ್ರೆ ಇವತ್ತು ಯಾರ ಎಮ್ಮೆ ಕಾಯ್ತಿದ್ದನೋ!"

ಆ ಏಟು ತನ್ನ ಹತ್ತಿರ ಜೋಪಾನವಾಗಿದೆ ಎಂದು ಅವನಿಗೆ ಅನಿಸುತ್ತಿತ್ತು, ಇನ್ನೊಬ್ಬರ ವಸ್ತುವನ್ನು ಹಿಂತಿರುಗಿಸಲೆಂದು ಎತ್ತಿಟ್ಟುಕೊಂಡ ಹಾಗೆ. ಎಷ್ಟು ಸಲ ಕೈಗೆ ಬಂದಿತ್ತು. ಭಾವ ಗಾಡಿಯ ಕೆಳಗೆ ಬಗ್ಗಿ ನೋಡುವಾಗ ಜಾಕಿನ ಹಿಡಿ ಅವನ ಕೈಯಲ್ಲಿರುತ್ತಿತ್ತು. ಬಾನೆಟ್ಟಿನೊಳಗೆ ತಲೆಯಿಟ್ಟು ಬಯ್ಯುವಾಗ ಬಾನೆಟ್ಟು ನಿಂತಿರುತ್ತಿದ್ದದ್ದು ಬೆರಳುಗಾತ್ರದ ಕಂಬಿಯೊಂದರ ಮೇಲೆ. ಆ ಕಂಬಿಯನ್ನು ತಾನು ಮೊಣಕೈಯಿಂದ ತಳ್ಳಿದ ಹಾಗೆ, ತಗಡು ಕತ್ತಿನ ಮೇಲೆ ಬಿದ್ದ ಹಾಗೆ, ಆ ಸದ್ದು ಎರಡೂ ಕಿವಿಗೆ ಕೇಳಿಸಿದ ಹಾಗೆ ಅವನಿಗೆ ಅನಿಸಿ, "ಸ್ವಲ್ಪ ಹಿಂದೆ ಸರೀರಿ ಭಾವ, ಎಣ್ಣೆ ಹಾರುತ್ತೆ" ಎನ್ನುತ್ತಿದ್ದ.

ತೆಳ್ಳನೆಯ ಪೈಪುಗಳು ಸರಿಯಾಗಿ ಕೂತವು. ಉಳಿದದ್ದು ದಪ್ಪದ್ದು, ಬ್ರೇಕಿನ ಬೂಸ್ಟರಿನಿಂದ ಬರುವುದು. ಎಂಜಿನ್ನು ಈ ಪೈಪಿನಿಂದ ಬೂಸ್ಟರಿನ ಗಾಳಿಯನ್ನು ಹೀರಿಕೊಳ್ಳುವುದರಿಂದಲೇ ತುಂಬಿದ ಗಾಡಿಯ ಬ್ರೇಕು ಹೆಂಗಸರ ಕಾಲಿಗೂ ಬಗ್ಗುವುದು. ಆ ಹೀರುವಿಕೆ ಇಲ್ಲದಿದ್ದರೆ ಪೆಡಲು ಕಲ್ಲು. ಹಳೆಯ ಕಾರ್ಬುರೇಟರಿನಲ್ಲಿ ಅದರ ಮೂತಿ ಹೆಬ್ಬೆರಳಿನಷ್ಟಿತ್ತು, ಇದರದು ಕಿರುಬೆರಳು. ಪೈಪು ಮಗುವಿಗೆ ತೊಡಿಸಿದ ಅಪ್ಪನ ಅಂಗಿಯ ಹಾಗೆ ಜೋಲುತ್ತಿತ್ತು. ಕ್ಲಿಪ್ಪು ತಿರುಗಿಸಿ ತಿರುಗಿಸಿ ಬಿಗಿದು, ಕೀಲಿ ತಿರುಗಿಸಿದ. ಎಂಜಿನ್ನು ಒಮ್ಮೆ ಕೆಮ್ಮಿ, ಹತ್ತಿಕೊಂಡು, ಒಂದೇ ಉಸಿರಿಗೆ ಕೂಗತೊಡಗಿತು.

"ಥೂ! ಇದೇನಾ ನಿನ್ನ ಕೆಲ್ಸ?" ಭಾವ ಕೂಗಿದ್ದು ಕೇಳಲಿಲ್ಲ, ತುಟಿಯಿಂದ ತಿಳಿಯಿತು. ಅವನು ಗೋಡೆಯ ಮೊಳೆಯಿಂದ ತನ್ನ ಕೇಳುವ ರಬ್ಬರು ಕೊಳವೆಯನ್ನು ತೆಗೆದ. ಮೊಳದುದ್ದದ ಸಾದಾ ಕೊಳವೆ. ಒಂದು ತುದಿಯನ್ನು ಬಲಗಿವಿಗೆ ತುರುಕಿಕೊಂಡು ಇನ್ನೊಂದನ್ನು ಸಂದಿಸಂದಿಗೆ ಹಿಡಿಯುತ್ತ ಹೋದರೆ, ಗಾಳಿ ನುಗ್ಗುವ ಕಡೆ ಹಾವು ಬುಸುಗುಟ್ಟಿದ ಹಾಗೆ ಕೇಳುತ್ತದೆ. ಈ ಕೆಲಸ ಮಾಡುವಾಗ ಅವನಿಗೆ ಹೊರಗಿನ ಲೋಕವೇ ಇರುವುದಿಲ್ಲ. ಒಂದು ಕಿವಿಗೆ ಹತ್ತಿ, ಇನ್ನೊಂದಕ್ಕೆ ಎಂಜಿನ್ನಿನ ಹೊಟ್ಟೆ. ಅಲ್ಲಿ ಎಷ್ಟು ನೆಮ್ಮದಿಯಿತ್ತೆಂದರೆ, ಎಷ್ಟೋ ಸಲ ತೂತು ಸಿಕ್ಕಿದ ಮೇಲೂ ಅವನು ಇನ್ನೂ ಹುಡುಕುತ್ತಿರುವವನ ಹಾಗೆ ಬಾಗಿಯೇ ಇರುತ್ತಿದ್ದ. ಫ್ಯಾನು ತಿರುಗುತ್ತಿತ್ತು. ಭಾವನ ಅಂಗಿಯ ತುದಿ ಅದರ ಬಳಿ ಗಾಳಿಗೆ ಹಾರುತ್ತಿತ್ತು. ಇನ್ನೊಂದು ಗೇಣು ಸರಿದರೆ ಸಾಕು. ಆಮೇಲೆ ಅಂಗಿ, ಆಮೇಲೆ ಕೈ, ಆಮೇಲೆ ಭುಜ. ಅವನು ಕೊಳವೆಯನ್ನು ದಪ್ಪ ಮೂತಿಯ ಬುಡಕ್ಕೆ ಹಿಡಿದ. ಹಾವು ಅಲ್ಲೇ ಇತ್ತು.

ಖಾತ್ರಿ ಮಾಡಿಕೊಳ್ಳಲೆಂದು ಕ್ಲಿಪ್ಪು ಸಡಿಲಿಸಿ, ಬೂಸ್ಟರಿನ ಪೈಪನ್ನು ಕಿತ್ತು ಪಕ್ಕಕ್ಕೆ ಇಳಿಬಿಟ್ಟು, ಬರಿದಾದ ಮೂತಿಗೆ ರಬ್ಬರು ಟೋಪಿ ತೊಡಿಸಿದ. ಎಂಜಿನ್ನು ಅತ್ತು ಸುಸ್ತಾದ ಮಗುವಿನ ಹಾಗೆ ಒಮ್ಮೆಗೇ ತಣ್ಣಗಾಯಿತು. ಇನ್ನು ಉಳಿದದ್ದು ಸಣ್ಣ ಕೆಲಸ. ಕೇಳುವ ಕೊಳವೆಯಿಂದಲೇ ಒಂದು ತುಂಡು ಕೊಯ್ದು ಮೂತಿಗೆ ಒಳ‌ಅಂಗಿಯ ಹಾಗೆ ತೊಡಿಸಿ, ಅದರ ಮೇಲೆ ದಪ್ಪ ಪೈಪು ಏರಿಸಿದರೆ ಮುಗಿಯಿತು. ಕೊಳವೆಯನ್ನು ಹೆಗಲಿಗೆ ಹಾಕಿಕೊಂಡು ಅವನು ತಿರುಗಿ ಬ್ಲೇಡು ಎತ್ತಿಕೊಂಡದ್ದಷ್ಟೇ, ಹಿಂದೆ ಬಾನೆಟ್ಟು ಧಡಾರನೆ ಬಿತ್ತು.

"ಈಗ ಸರಿ ಆಯ್ತಲ್ಲ. ಇಷ್ಟಕ್ಕೆ ಬೆಳಗಿನ ಹೊತ್ತೆಲ್ಲ ತಿಂದೆ," ಎನ್ನುತ್ತ ಭಾವ ಆಗಲೇ ಗಾಡಿಯೊಳಗೆ ಹತ್ತುತ್ತಿದ್ದ.

"ಇನ್ನೊಂಚೂರು ಇದೆ ಭಾವ—"

"ಏನಿದೆ?"

ಭಾವ ಬ್ರೇಕು ತುಳಿದು ನೋಡಿದ. ಪೆಡಲು ಮೆತ್ತಗೆ ಕೆಳಗಿಳಿಯಿತು. ಪೈಪು ಕಿತ್ತ ಮೇಲೂ ಬೂಸ್ಟರಿನೊಳಗೆ ಮೊದಲಿನ ಹೀರುವಿಕೆ ಸ್ವಲ್ಪ ಉಳಿದಿರುತ್ತದೆ, ಒಂದೆರಡು ತುಳಿತಕ್ಕೆ ಸಾಕಾಗುವಷ್ಟು. ಅದು ಅವನಿಗೆ ಗೊತ್ತಿತ್ತು, ಭಾವನಿಗೆ ಗೊತ್ತಿರಲಿಲ್ಲ. "ಬ್ರೇಕು ಬೆಣ್ಣೆ ಬೆಣ್ಣೆ ಇದೆ. ಇನ್ನೇನು? ಕೂಲಿ ಜಾಸ್ತಿ ಕೇಳೋಕೆ ಇನ್ನೊಂಚೂರಾ?" ಎಂದು ಭಾವ ಕಿಟಕಿಯಿಂದ ಕೈ ಚಾಚಿ ಅವನ ಎಡಗೆನ್ನೆಯನ್ನು ತಟ್ಟಿದ. ಹೊಡೆದದ್ದಲ್ಲ, ತಟ್ಟಿದ್ದು. ದನದ ಬೆನ್ನು ತಟ್ಟಿದ ಹಾಗೆ. ಕಿವಿಯ ಬುಡಕ್ಕೇ.

ಹೇಳಬೇಕಾದ ಮಾತು ನಾಲಗೆಯ ಮೇಲೆ ತಯಾರಾಗಿತ್ತು. ಬ್ರೇಕಿನ ಪೈಪು ಹಾಕಿಲ್ಲ ಭಾವ. ಅಷ್ಟೇ. ಅದು ನಾಲಗೆಯ ಮೇಲೆಯೇ ಕೂತು, ಬಾಯಿಯ ಬೆಚ್ಚನೆಯಲ್ಲಿ ಕರಗಿ, ಸಿಹಿಯಾಯಿತು. ಶೆಡ್ಡಿನಿಂದ ಕೆಳಕ್ಕೆ ಇಳಿಜಾರು, ಇಳಿಜಾರಿನ ಕೊನೆಗೆ ತಿರುವು, ತಿರುವಿನಾಚೆ ಕಲ್ಲಿನ ಮೋರಿ. ತಾನೇನೂ ಮಾಡಿಲ್ಲ. ಬಾನೆಟ್ಟು ಹಾಕಿದವನು ಭಾವ. ಅವಸರ ಅವನದು. ಭಾವ ಒಬ್ಬನೇ ಹೋಗುವವನು, ಅಕ್ಕ ಬಸ್ಸಿಗೆ. ಅವನು ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ. "ಆಯ್ತು ಭಾವ," ಎಂದ, "ನಿಧಾನಕ್ಕೆ ಹೋಗಿ." ಈ ಕೊನೆಯ ಮಾತನ್ನು ಯಾಕೆ ಸೇರಿಸಿದೆ ಎಂದು ಅವನಿಗೇ ತಿಳಿಯಲಿಲ್ಲ. ಅದರಲ್ಲಿ ಹೇಸಿಗೆಯದೇನೋ ಇತ್ತು.

ಗಾಡಿ ಮರದ ಹತ್ತಿರ ನಿಧಾನವಾಯಿತು. ಇನ್ನೊಂದು ತುಳಿತವೂ ಹೋಯಿತು ಎಂದುಕೊಂಡ. "ಏಯ್, ಹತ್ತು! ಬಸ್ಸೂ ಬೇಡ ಏನೂ ಬೇಡ. ಹುಲ್ಲು ಹೇರಿಸಿ ಮಧ್ಯಾಹ್ನ ನಾನೇ ಕರ್ಕೊಂಡು ಹೋಗ್ತೀನಿ," ಎಂದು ಭಾವ ಕೂಗಿದ್ದು ಬಲಗಿವಿಗೆ ಸ್ಪಷ್ಟವಾಗಿ ಕೇಳಿಸಿತು. ಅಕ್ಕ ಎದ್ದಳು. ಚೀಲವನ್ನು ಒಳ್ಳೆಯ ಕೈಗೆ ಬದಲಾಯಿಸಿಕೊಂಡಳು. ಬಾಗಿಲು ತೆಗೆಯಲು ಬಾರದೆ ತಮ್ಮನ ಕಡೆ ತಿರುಗಿ ನೋಡಿದಳು, ಬಂದು ತೆಗೆದುಕೊಡುತ್ತಾನೇನೋ ಎಂದು. ಅವನು ಬ್ಲೇಡು ಹಿಡಿದುಕೊಂಡು ನಿಂತೇ ಇದ್ದ. ಈಗ ಹೇಳಿದರೆ ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎನ್ನುವುದನ್ನೂ ಹೇಳಬೇಕಾಗುತ್ತಿತ್ತು. ಭಾವನೇ ಬಗ್ಗಿ ಒಳಗಿನಿಂದ ಬಾಗಿಲು ತಳ್ಳಿದ, ಅಕ್ಕ ಹತ್ತಿದಳು, ಬಾಗಿಲು ಹಾಕಿಕೊಂಡಿತು, ಗಾಡಿ ಹೊರಟಿತು, ಎದ್ದ ಧೂಳು ಇಳಿಯಿತು.

"ಯಾಕೋ ಮೇಸ್ತ್ರಿ, ದೆವ್ವ ನೋಡಿದ ಹಾಗೆ ನಿಂತಿದೀಯ?" ವೆಲ್ಡರ್ ಕೇಳಿದ.

ಆಗ ಅವನು ಓಡಿದ. ರಸ್ತೆ ಬಳಸಿ ಇಳಿಯುತ್ತದೆ, ಕಾಲುದಾರಿ ಕೊಯ್ದ ಗದ್ದೆಯಲ್ಲಿ ನೇರ ಕೆಳಗೆ ಹೋಗುತ್ತದೆ. ಕೊಯ್ದ ಪೈರಿನ ಕೂಳೆಗಳು ಚಪ್ಪಲಿ ಬಿಟ್ಟುಹೋದ ಕಾಲಿಗೆ ಮೊಳೆಯ ಹಾಗೆ ಚುಚ್ಚಿದವು. ಬದುವಿನಿಂದ ಬದುವಿಗೆ ಬೀಳುತ್ತ, ಏಳುತ್ತ, ಅಕ್ಕಾ ಎಂದು ಕೂಗುತ್ತಿದ್ದೇನೆ ಎಂದುಕೊಂಡ. ಕೂಗುತ್ತಿರಲಿಲ್ಲ, ಬರಿಯ ಉಸಿರು ಬರುತ್ತಿತ್ತು. ಮೇಲೆ ರಸ್ತೆಯಲ್ಲಿ ಗಾಡಿಯ ಎಂಜಿನ್ನು ಎಷ್ಟು ಚೆನ್ನಾಗಿ, ಎಷ್ಟು ಹದವಾಗಿ ಓಡುತ್ತಿದೆ ಎನ್ನುವುದನ್ನು ಅವನೊಳಗಿನ ಮೇಸ್ತ್ರಿ ಗಮನಿಸಿದ. ತಿರುವಿನಲ್ಲಿ ರಸ್ತೆಯ ನಟ್ಟನಡುವೆ ಹೋಗಿ ನಿಂತು ಎರಡೂ ಕೈ ಎತ್ತಿದಾಗ ಪಿಕಪ್ಪಿನ ಮೂತಿ ಕಾಣಿಸಿತು. ಗಾಜಿನ ಹಿಂದೆ ಭಾವನ ಮುಖ ಮೊದಲು ಸಿಟ್ಟಾಯಿತು. ಆಮೇಲೆ ಆ ಮುಖ ಕೆಳಗೆ ತನ್ನ ಕಾಲನ್ನು ನೋಡಿತು. ಕಲ್ಲಿನ ಮೇಲೆ ನಿಂತವನ ಹಾಗೆ ಭಾವ ಸೀಟಿನಿಂದ ಎದ್ದು ಎರಡೂ ಕಾಲಲ್ಲಿ ಪೆಡಲನ್ನು ಒತ್ತುತ್ತಿದ್ದ. ಬಾಯಿ ತೆರೆದಿತ್ತು. ಚಕ್ರಗಳು ಅಷ್ಟಿಷ್ಟು ಹಿಡಿದು, ಬಿಟ್ಟು, ಹಿಡಿದವು. ಗಾಡಿ ನಡುರಸ್ತೆಯಲ್ಲಿ ನಿಂತವನ ಮೊಣಕೈಯನ್ನು ಪಕ್ಕದ ಕನ್ನಡಿಯಿಂದ ಸೀಳಿಕೊಂಡು ಹೋಗಿ, ಮೋರಿಯ ಕಡೆಯಿಂದ ಹೊರಳಿ, ಮಣ್ಣಿನ ದಿಬ್ಬಕ್ಕೆ ಭುಜ ಕೊಟ್ಟು ನಿಂತಿತು. ಒಳಗೆ ಅಕ್ಕನ ಹಣೆ ಗಾಜಿಗೆ ಬಡಿದ ಸದ್ದು, ಕಾಯಿ ಒಡೆದ ಹಾಗೆ.

ಭಾವ ಇಳಿದ. ಇಳಿದು ಒಂದು ಹೆಜ್ಜೆ ಇಟ್ಟ. ಅವನ ಮಂಡಿಗಳು ಕುಣಿಯುತ್ತಿದ್ದವು, ಎರಡೂ, ಬೇರೆಬೇರೆ ತಾಳಕ್ಕೆ. ಅವುಗಳನ್ನು ಕೈಯಿಂದ ಹಿಡಿದುಕೊಳ್ಳಲು ಹೋಗಿ ಧೂಳಿನಲ್ಲಿ ಕುಕ್ಕರಿಸಿ ಬಿದ್ದ. ಆಗ ಮೇಸ್ತ್ರಿಗೆ ಆ ನಗು ಬಂತು, ಅಂದಿನದೇ, ಇಷ್ಟು ವರ್ಷ ಎಲ್ಲಿತ್ತೋ ಅಲ್ಲಿಂದ. ಕೈಯಿಂದ ರಕ್ತ ಇಳಿಯುತ್ತಿದ್ದರೂ ಅವನು ನಕ್ಕ. ಬೇಡ ಬೇಡವೆಂದರೂ ನಕ್ಕ. ಭಾವ ಎದ್ದು ಬಂದವನೇ ಅವನ ಹೊಟ್ಟೆಗೆ ಒದ್ದ, ಬಿದ್ದವನ ಪಕ್ಕೆಗೆ ಒದ್ದ, ಕೂದಲು ಹಿಡಿದು ಮುಖವನ್ನು ರಸ್ತೆಗೆ ಉಜ್ಜಿದ. "ಏನ್ ಮಾಡಿದೆ ಬ್ರೇಕಿಗೆ? ಹೇಳು! ಏನ್ ಮಾಡಿದೆಯೋ, ನನ್ನ ಮನೆ ಅನ್ನ ತಿಂದ ನಾಯಿ!" ಬಾಯಿಗೆ ಮಣ್ಣು ಬಂತು, ಹಲ್ಲಿನ ಚೂರೂ ಬಂತು. ಒಂದೊಂದು ಏಟು ಬಿದ್ದಾಗಲೂ ಇದು ಸರಿ, ಇದು ಸರಿ ಎಂದು ಒಳಗೆ ಯಾರೋ ಲೆಕ್ಕ ಒಪ್ಪಿಸಿಕೊಳ್ಳುತ್ತಿದ್ದರು.

"ಬಿಡಿ ಅವನನ್ನ," ಎಂದಳು ಅಕ್ಕ.

ಗಾಡಿಗೆ ಒರಗಿ ನಿಂತಿದ್ದಳು. ಹುಬ್ಬು ಒಡೆದು ಒಂದು ಕಣ್ಣು ರಕ್ತದಲ್ಲಿ ಮುಚ್ಚಿತ್ತು. ಸೆರಗು ಮಣಿಕಟ್ಟಿನಿಂದ ಬಿಚ್ಚಿಹೋಗಿ ಕೈ ಬೇರೆ ಯಾರದೋ ಎನ್ನುವಂತೆ ನೇತಾಡುತ್ತಿತ್ತು. ಎಂದೂ ಹಾಗೆ ಹೇಳದವಳು ಹೇಳಿದ್ದರಿಂದಲೋ ಏನೋ ಭಾವ ಬಿಟ್ಟ.

"ಏನಾಗಿತ್ತೋ ಬ್ರೇಕಿಗೆ?"

"ಪೈಪು ಹಾಕಿರ್ಲಿಲ್ಲಕ್ಕ."

"ಗೊತ್ತಿತ್ತಾ ನಿಂಗೆ?"

"ಹ್ಞೂಂ."

"ನಾನು ಹತ್ತಿದಾಗ?"

ಅವನು ರಸ್ತೆಯಲ್ಲಿ ಕೂತು, ಬಾಯಿಯ ಮಣ್ಣು ಉಗುಳುತ್ತ, ಹುಲ್ಲಿನ ಒಂದು ಎಸಳನ್ನು ನೋಡುತ್ತಿದ್ದ. ಯಾವುದಾದರೂ ಒಂದು ಜ್ವರದ ಹೆಸರು ಹೇಳಬಹುದಿತ್ತು.

"ನಾನೂ ಒಳಗೆ ಇದ್ನಲ್ಲೋ," ಎಂದಳು. ಬೈಗುಳವಲ್ಲ, ಅಳುವಲ್ಲ. ಮನೆಯಲ್ಲಿ ಒಂದು ಪಾತ್ರೆ ಕಡಿಮೆಯಿದೆ ಎಂದು ಹೇಳುವ ದನಿ. ಒಳ್ಳೆಯ ಕೈಯಿಂದ ಕಣ್ಣಿನ ರಕ್ತ ಒರೆಸಿಕೊಂಡು, "ಏಳು. ಈಗ ಹಾಕು," ಎಂದಳು.

ಅವನು ಎದ್ದ. ಬಾನೆಟ್ಟು ಎತ್ತಿ ಕಂಬಿ ಕೊಟ್ಟ. ಬೂಸ್ಟರಿನ ಪೈಪು ಅವನು ಇಳಿಬಿಟ್ಟ ಹಾಗೆಯೇ, ಬಾಯಿ ತೆರೆದುಕೊಂಡು ತೂಗಾಡುತ್ತಿತ್ತು. ಹೆಗಲಿಗೆ ಹಾಕಿಕೊಂಡಿದ್ದ ಕೇಳುವ ಕೊಳವೆ ಇಷ್ಟೆಲ್ಲ ಆದರೂ ಬಿದ್ದಿರಲಿಲ್ಲ, ಬ್ಲೇಡು ಮಾತ್ರ ಬದುವಿನಲ್ಲೆಲ್ಲೋ ಹೋಗಿತ್ತು. ಕೊಳವೆಯ ತುದಿಯನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ತುಂಡು ಮಾಡಿದ. ರಬ್ಬರಿಗೆ ರಕ್ತದ ರುಚಿಯಿತ್ತು. ಟೋಪಿ ತೆಗೆದು, ತುಂಡನ್ನು ಮೂತಿಗೆ ತೊಡಿಸಿ, ಅದರ ಮೇಲೆ ದಪ್ಪ ಪೈಪನ್ನು ತಿರುಚಿ ತಿರುಚಿ ಏರಿಸಿದ. ಬಿಗಿಯಾಗಿ ಏರಿತು. ಕ್ಲಿಪ್ಪಿನ ಸ್ಕ್ರೂವನ್ನು ಜೇಬಿನ ಚಿಕ್ಕ ಸ್ಕ್ರೂಡ್ರೈವರಿನಿಂದ ತಿರುಗಿಸತೊಡಗಿದಾಗ ಗಾಡಿಯ ಹಿಂಭಾಗದಲ್ಲಿ ಕಬ್ಬಿಣ ಕಬ್ಬಿಣಕ್ಕೆ ತಗುಲಿದ ಸದ್ದು ಬಲಗಿವಿಗೆ ಬಂತು. ಅದು ಭಾವ ಎತ್ತಿಕೊಂಡ ಜಾಕಿನ ರಾಡು. ಗಾಡಿಗಳ ಸದ್ದುಗಳಲ್ಲಿ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ.

"ಸ್ಟಾರ್ಟ್ ಮಾಡಕ್ಕ," ಎಂದ.

ಅಕ್ಕ ಕಿಟಕಿಯಿಂದ ಕೈ ಹಾಕಿ ಕೀಲಿ ತಿರುಗಿಸಿದಳು. ಎಂಜಿನ್ನು ಹತ್ತಿಕೊಂಡಿತು. ಅವಳು ಬಂದು ಅವನೆದುರಿಗೆ, ಮಡ್‌ಗಾರ್ಡಿನ ಆಚೆ ನಿಂತಳು, ಅಂದು ಬಾವಿಕಟ್ಟೆಯ ಮೇಲೆ ನಿಂತಿದ್ದಷ್ಟೇ ದೂರ. ಅವನು ಕೊಳವೆಯ ತುದಿಯನ್ನು ಬಲಗಿವಿಗೆ ತುರುಕಿಕೊಂಡ. ಲೋಕ ಮುಚ್ಚಿಕೊಂಡಿತು. ಇನ್ನೊಂದು ತುದಿಯನ್ನು ಮೂತಿಯ ಬುಡಕ್ಕೆ ಹಿಡಿದು ಕೇಳಿದ. ಹಾವಿರಲಿಲ್ಲ. ಎಂಜಿನ್ನಿನ ಹೊಟ್ಟೆ ಹದವಾಗಿ ಗುಡುಗುತ್ತಿತ್ತು, ಬೂಸ್ಟರಿನ ಗಾಳಿಯನ್ನು ಪೂರ್ತಿ ಹೀರಿಕೊಳ್ಳುತ್ತಿತ್ತು. ಇನ್ನು ಯಾರು ತುಳಿದರೂ ಪೆಡಲು ಬಗ್ಗುತ್ತದೆ.

ತಲೆ ಎತ್ತಿದಾಗ ಅಕ್ಕನ ತೆರೆದ ಒಂದು ಕಣ್ಣು ಅವನನ್ನು ನೋಡುತ್ತಿರಲಿಲ್ಲ. ಅವನ ಎಡ ಹೆಗಲಿನ ಮೇಲೆ, ಹಿಂದಕ್ಕೆ, ಸ್ವಲ್ಪ ಮೇಲಕ್ಕೆ ನೋಡುತ್ತಿತ್ತು. ಅಲ್ಲಿ ಏನಿದೆ ಎಂದು ಅವಳ ಕಣ್ಣಿನಲ್ಲಿ ಕಾಣುತ್ತಿತ್ತು, ಎಷ್ಟು ಎತ್ತರಕ್ಕೆ ಏರಿದೆ ಎನ್ನುವುದೂ ಕಾಣುತ್ತಿತ್ತು. ಅವಳ ತುಟಿಗಳು ತೆರೆದವು. ಒಂದು ಮಾತು ಅಲ್ಲಿಯವರೆಗೆ ಬಂದದ್ದನ್ನು ಅವನು ನೋಡಿದ. ಅದು ಬಂದಿದ್ದರೆ ಕೇಳಿಸುತ್ತಿರಲಿಲ್ಲ, ಆದರೆ ನೋಡಿದರೆ ಸಾಕಿತ್ತು, ತಿರುಗಲು ಅಷ್ಟು ಸಮಯವಿತ್ತು. ತುಟಿಗಳು ಮುಚ್ಚಿಕೊಂಡವು.

ಅವನು ಕೊಳವೆಯನ್ನು ಕಿವಿಯಿಂದ ತೆಗೆಯಲಿಲ್ಲ. ತಲೆ ತಗ್ಗಿಸಿ, ಕ್ಲಿಪ್ಪಿನ ಸ್ಕ್ರೂವನ್ನು ಇನ್ನೊಂದು ಸುತ್ತು ಬಿಗಿದ.